ಠಸ್ಸೆ ಬಿದ್ದ ವಿಮಾನ

"ಅಯ್ಯಾ, ದೊಡ್ಡವರೊಬ್ಬರು ಬಂದು ಬಾಗಿಲು ತೆಗೆದರೆ ನಮಗೇನು ನಷ್ಟ?" ಎಂದು ಚಿಕ್ಕತಾಯಮ್ಮ ಕೇಳಿದಳು.

ಕೇಳಿದ್ದು ಹುಚ್ಚೀರಯ್ಯನನ್ನು. ಹುಚ್ಚೀರಯ್ಯ ಶಾಲೆಯ ಮೆಟ್ಟಿಲು ಹತ್ತಿದವನಲ್ಲ. ಮೂಟೆ ಹೊರುತ್ತ, ಮೂಟೆಯ ಮೇಲಿನ ಅಕ್ಷರ ನೋಡಿ ಓದು ಕಲಿತವನು. ಕೂಲಿಯವರ ಸಂಘ ಕಟ್ಟಿ, ಅದು ಒಡೆದಾಗ ಮತ್ತೆ ಕಟ್ಟಿ, ಹಾಗೆಯೇ ಮುದುಕನಾದವನು. ಸಂಘದ ಜನ ಅವನನ್ನು ಗುರು ಎನ್ನುತ್ತಿದ್ದರು. ಅವನು ಆ ಮಾತಿಗೆ ತಿರುಗಿಯೂ ನೋಡುತ್ತಿರಲಿಲ್ಲ.

ಚಿಕ್ಕತಾಯಮ್ಮ ಬೀದಿ ಗುಡಿಸುವವರ ಸಂಘದವಳು. ಅವಳೂ ಅವಳ ಜೊತೆಯವರೂ ರಜೆಯ ದಿನಗಳಲ್ಲಿ ಕಲ್ಲು ಹೊತ್ತು, ಗಾರೆ ಕಲಸಿ, ತಮ್ಮ ಕೇರಿಯ ಮಕ್ಕಳಿಗೆ ಒಂದು ಓದುವ ಮನೆ ಕಟ್ಟಿದ್ದರು. ಸುಣ್ಣ ಬಳಿದಾಗಿತ್ತು. ಪುಸ್ತಕಗಳು ಬಂದಿದ್ದವು. ಆದರೆ ಬಾಗಿಲಿಗೆ ಬೀಗ. ಶಾಸಕರು ಬಿಡುವು ಮಾಡಿಕೊಂಡು ಬಂದು ಉದ್ಘಾಟಿಸಲಿ ಎಂದು ಕೇರಿಯವರು ಕಾಯುತ್ತಿದ್ದರು. ಮಳೆಗಾಲ ಬಂದು ಹೋಯಿತು. ಶಾಸಕರಿಗೆ ಬಿಡುವಾಗಲಿಲ್ಲ. ಮಕ್ಕಳು ಕಿಟಕಿಯ ಸರಳು ಹಿಡಿದು ಒಳಗಿನ ಪುಸ್ತಕಗಳನ್ನು ನೋಡಿ ಹೋಗುತ್ತಿದ್ದವು.

"ಒಂದು ಗಳಿಗೆಯ ಮಾತು ಅಯ್ಯಾ. ಟೇಪು ಕತ್ತರಿಸಿ, ನಾಲ್ಕು ಮಾತಾಡಿ ಹೋಗ್ತಾರೆ. ಗೋಡೆ ಏನು ಹೊತ್ತುಕೊಂಡು ಹೋಗ್ತಾರಾ?"

ಹುಚ್ಚೀರಯ್ಯ ಸಂಘದ ಕಚೇರಿಯ ಬೆಂಚಿನ ಮೇಲೆ ಗೋಡೆಗೆ ಒರಗಿ ಕುಳಿತಿದ್ದ.

"ಬೈದು ಬೈದು ಸಾಕಾಗಿದೆ ಅವ್ವಾ. ಇವತ್ತು ಬೈಯೋಕೆ ಶಕ್ತಿ ಇಲ್ಲ. ಒಂದು ಕತೆ ಹೇಳ್ತೀನಿ, ಕೂತ್ಕೋ," ಎಂದ.

ಅವಳು ಕುಳಿತಳು. ಅವನು ಹೇಳಿದ.

ಒಂದು ಊರಿನಲ್ಲಿ ವಿಮಾನ ಮಾಡುವ ಕಾರ್ಖಾನೆ ಇತ್ತು. ಊರು ಎಂದರೆ ಕಾರ್ಖಾನೆಯ ಕಾಲೊನಿಯೇ. ಮನೆಗಳು ಕಂಪನಿಯವು, ರಸ್ತೆ ಕಂಪನಿಯದು, ನಲ್ಲಿಯಲ್ಲಿ ಬರುವ ನೀರೂ ಕಂಪನಿಯದು. ಜನ ಮಾತ್ರ ತಮ್ಮದೆಂದು ತಮ್ಮ ಕೈಗಳನ್ನು ತಂದಿದ್ದರು.

ಆ ಕಾರ್ಖಾನೆಯಲ್ಲಿ ಒಂದು ನಿಯಮವಿತ್ತು. ಮಾಡಿದವನು ತನ್ನ ಕೆಲಸ ಸರಿಯಿದೆ ಎಂದು ತಾನೇ ಹೇಳುವಂತಿಲ್ಲ. ತಗಡು ಜೋಡಿಸುವ ಒಂದೇ ಒಂದು ರಿವೆಟ್ ಹೊಡೆದರೂ ಇನ್ಸ್‌ಪೆಕ್ಟರ್ ಬಂದು ನೋಡಬೇಕು. ಅವನ ಜೇಬಿನಲ್ಲಿ ಬೆರಳುದ್ದದ ಒಂದು ಉಕ್ಕಿನ ಠಸ್ಸೆ ಇರುತ್ತಿತ್ತು. ಕೆಲಸ ಸರಿಯಿದ್ದರೆ ಅದನ್ನು ತಗಡಿನ ಮೇಲಿಟ್ಟು ಸುತ್ತಿಗೆಯಿಂದ ಒಂದು ಏಟು ಹಾಕುತ್ತಿದ್ದ. ಸಣ್ಣ ವೃತ್ತದೊಳಗೆ ಒಂದು ಅಂಕಿ ಮೂಡುತ್ತಿತ್ತು. ಸರಿಯಿಲ್ಲದಿದ್ದರೆ ಕೆಂಪು ಬಣ್ಣದಲ್ಲಿ ಇಂಟು ಗುರುತು ಎಳೆಯುತ್ತಿದ್ದ.

ನಿಯಮ ಕೆಟ್ಟದ್ದಲ್ಲ. ಅದು ಆಕಾಶಕ್ಕೆ ಏರುವ ವಸ್ತು. ಒಬ್ಬನ ಕಣ್ಣು ತಪ್ಪಿದ್ದನ್ನು ಇನ್ನೊಬ್ಬನ ಕಣ್ಣು ಹಿಡಿಯಬೇಕು. ಅದನ್ನು ನಾನು ಬೈಯುವುದಿಲ್ಲ.

ಆದರೆ ನಿಯಮಕ್ಕೆ ಒಂದು ಬಾಲವಿತ್ತು. ಕೆಂಪು ಗುರುತು ಬಿದ್ದದ್ದು ಗುಜರಿ ತೊಟ್ಟಿಗೆ ಹೋಗುತ್ತಿತ್ತು. ಆ ತೊಟ್ಟಿಯಿಂದ ಕೆಲಸಗಾರರು ಏನು ಬೇಕಾದರೂ ಮನೆಗೆ ಒಯ್ಯಬಹುದಾಗಿತ್ತು. ಗೇಟಿನ ಕಾವಲುಗಾರ ಕೆಂಪು ಕಂಡರೆ ಬಿಡುತ್ತಿದ್ದ. ಠಸ್ಸೆ ಕಂಡರೆ ಹಿಡಿಯುತ್ತಿದ್ದ. ಠಸ್ಸೆ ಬಿದ್ದ ಒಂದು ಚೂರು ಜೇಬಿನಲ್ಲಿ ಸಿಕ್ಕರೂ ಅದು ಕಳವು. ಹೀಗಾಗಿ ಕಾಲೊನಿಯ ಮನೆಮನೆಯಲ್ಲೂ ಕೆಂಪು ಗುರುತಿನ ತಗಡು ಇತ್ತು. ಬಚ್ಚಲಿನ ಮರೆ ಅದು, ನೀರಿನ ಹಂಡೆಯ ಮುಚ್ಚಳ ಅದು, ಕೋಳಿಗೂಡಿನ ಬಾಗಿಲೂ ಅದೇ. ಕೆಟ್ಟದ್ದು ನಮ್ಮದು, ಸರಿಯಾದದ್ದು ಅವರದು. ಇದು ಆ ಜನರಿಗೆ ಉಸಿರಾಟದ ಹಾಗೆ ಆಗಿಹೋಯಿತು. ಯಾರಿಗೂ ಸಿಟ್ಟು ಬರಲಿಲ್ಲ. ಅವರ ಪರವಾಗಿ ನಾನು ಈಗ ಸಿಟ್ಟಾಗುತ್ತಿದ್ದೇನೆ, ಅಷ್ಟೆ.

ಕಾಲ ಬಂತು, ಕಾರ್ಖಾನೆ ಮುಚ್ಚಿತು. ಯಂತ್ರಗಳನ್ನು ಬಿಚ್ಚಿ ಕೊಂಡೊಯ್ದರು. ಮೊಟ್ಟಮೊದಲು ಮಾಡಿದ ವಿಮಾನವೊಂದು ಹಿಂದಿನ ಬಯಲಿನಲ್ಲಿ ನಿಂತಿತ್ತು. ಅದು ಹಾರಿ ಎಷ್ಟೋ ಕಾಲವಾಗಿತ್ತು. ಚಕ್ರ ನೆಲಕ್ಕೆ ಕುಸಿದಿತ್ತು. ಬಾಲದೊಳಗೆ ಹೆಗ್ಗಣಗಳಿದ್ದವು. ಕೊನೆಯ ದಿನ ಒಬ್ಬ ಅಧಿಕಾರಿ ಬಂದು ಅದರ ಮೂತಿಯ ಮೇಲೆ ಕೆಂಪು ಇಂಟು ಗುರುತು ಎಳೆದ.

"ಇದು ವಿಮಾನ ಅಲ್ಲ, ಗುಜರಿ. ಬೇಕಾದವರು ಎಳೆದುಕೊಂಡು ಹೋಗಿ," ಎಂದ.

ಜನ ಎಳೆದುಕೊಂಡು ಹೋದರು. ಹಗ್ಗ ಕಟ್ಟಿ, ಎತ್ತು ಹೂಡದೆ, ತಾವೇ ಭುಜ ಕೊಟ್ಟು, ಕಾಲೊನಿಯ ಹಳೆಯ ಬಸ್ ಶೆಡ್ಡಿಗೆ ಎಳೆದು ತಂದರು. ಕಂಪನಿ ಹೋದ ಊರಿನಲ್ಲಿ ಜನರದು ಎನ್ನುವಂಥ ವಸ್ತು ಅದೊಂದೇ.

ಅಲ್ಲಿ ಯಂತ್ರದ ಭಾಗ ಜೋಡಿಸುವ ಒಬ್ಬ ಫಿಟ್ಟರ್ ಇದ್ದ. ಒಬ್ಬ ತಗಡು ಕೆಲಸದವನಿದ್ದ. ವಿಮಾನಕ್ಕೆ ಬಣ್ಣ ಹೊಡೆಯುತ್ತಿದ್ದ ಒಬ್ಬಳು ಹೆಂಗಸಿದ್ದಳು. ಈ ಮೂವರು ಮೊದಲು ಕೈಹಾಕಿದರು. ಅವರ ಹಿಂದೆ ಉಳಿದವರು ಬಂದರು. ಎಲ್ಲರೂ ಬೇರೆ ಬೇರೆ ಕೂಲಿ ಹಿಡಿದಿದ್ದರು. ಕಾವಲು ಕಾಯುವವರು, ಪಂಕ್ಚರ್ ಹಾಕುವವರು, ಮದುವೆ ಮನೆಯಲ್ಲಿ ಪಾತ್ರೆ ತೊಳೆಯುವವರು. ಸಂಜೆ ಬಂದು, ಭಾನುವಾರ ಬಂದು ವಿಮಾನವನ್ನು ರಿಪೇರಿ ಮಾಡಿದರು. ಕೂಲಿ ಇಲ್ಲ. ಕೇಳುವವರಿಲ್ಲ. ಬಂದವನು ಬಂದ, ಬರದವನ ಕೆಲಸವನ್ನು ಬಂದವನು ಮಾಡಿದ.

ತಗಡಿನವನು ರೆಕ್ಕೆಯ ಕೆಳಗೆ ಮಲಗಿಕೊಂಡು ಹೇಳುತ್ತಿದ್ದ: "ನನ್ನ ಹೆಂಡತಿ ಕೇಳ್ತಾಳೆ, ಸಂಬಳ ಕೊಡ್ತಿದ್ದಾಗ ಹಿಂಗೆ ದುಡಿದಿದ್ರೆ ಕಾರ್ಖಾನೆ ಯಾಕೆ ಮುಚ್ತಿತ್ತು ಅಂತ."

"ನೀನು ಏನಂದೆ?" ಎಂದು ಬಣ್ಣದವಳು ಕೇಳಿದಳು.

"ಏನನ್ಲಿ. ಅವಳು ಹೇಳೋದೂ ಸರಿ ಅನ್ನಿಸ್ತು, ಸುಮ್ಮನೆ ಎದ್ದು ಇಲ್ಲಿಗೆ ಬಂದೆ."

ಫಿಟ್ಟರ್ ನಗುತ್ತಿರಲಿಲ್ಲ. ಅವನದು ಮಾತು ಕಡಿಮೆ. ಸಿಗದ ಉಪಕರಣವನ್ನು ಅರದಿಂದ ಉಕ್ಕು ಉಜ್ಜಿ ತಾನೇ ಮಾಡಿಕೊಳ್ಳುತ್ತಿದ್ದ. ಅವನ ಮಂಡಿಗಳು ಹೋಗಿದ್ದವು. ಕುಳಿತರೆ ಏಳಲು ಯಾರಾದರೂ ಕೈ ಕೊಡಬೇಕಿತ್ತು. ಎದ್ದು ಮತ್ತೆ ಕೆಲಸಕ್ಕೆ ಹೋಗುತ್ತಿದ್ದ.

ವರ್ಷಗಳು ಹೋದವು. ಆರಂಭಿಸಿದವರಲ್ಲಿ ಕೆಲವರು ಸತ್ತರು. ಒಂದು ಭಾನುವಾರ ಮಾಡಲು ಏನೂ ಉಳಿದಿಲ್ಲ ಎಂದು ಎಲ್ಲರಿಗೂ ಗೊತ್ತಾಯಿತು. ವಿಮಾನ ನಿಂತಿತ್ತು. ಮೈಯೆಲ್ಲ ಬಣ್ಣ. ಮೂತಿಯ ಮೇಲೆ ಮಾತ್ರ ಕೆಂಪು ಇಂಟು ಹಾಗೆಯೇ ಇತ್ತು. ಬಣ್ಣದವಳು ಅದನ್ನು ಮುಟ್ಟಿರಲಿಲ್ಲ. ಕೇಳಿದವರಿಗೆ, "ಅದು ನಮ್ಮ ಹಕ್ಕುಪತ್ರ," ಎನ್ನುತ್ತಿದ್ದಳು.

ಕಾಲೊನಿಯ ಹೆಂಗಸರು ರೆಕ್ಕೆಯ ನೆರಳಲ್ಲಿ ಕುಳಿತು ಕಾಳು ಆರಿಸಿದರು. ಮಕ್ಕಳು ಒಳಗೆ ಹತ್ತಿ ಕೂಗಾಡಿದವು. ಮುದುಕರು ಬಂದು ತಾವು ಹೊಡೆದ ರಿವೆಟ್ ಸಾಲು ಯಾವುದು ಎಂದು ಬೆರಳಿನಿಂದ ಸವರಿ ಹುಡುಕಿದರು. ಇಷ್ಟಕ್ಕೇ ಅಲ್ಲವೆ ಮಾಡಿದ್ದು. ಕತೆ ಇಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ.

ಫಿಟ್ಟರ್ ದಿನಾ ಬಂದು ವಿಮಾನದ ಸುತ್ತ ತಿರುಗತೊಡಗಿದ. ಒಂದು ಬೋಲ್ಟು ಸಡಿಲಿಸುತ್ತಿದ್ದ, ಮತ್ತೆ ಬಿಗಿಯುತ್ತಿದ್ದ. ನಿನ್ನೆ ಒರೆಸಿದ್ದನ್ನು ಇಂದು ಮತ್ತೆ ಒರೆಸುತ್ತಿದ್ದ. ಅವನಿಗೆ ನಿದ್ದೆ ಹೋಗಿತ್ತು. ಕಣ್ಣು ಗುಳಿ ಬಿದ್ದಿದ್ದವು.

ಬಣ್ಣದವಳು ಕೇಳಿದಳು: "ಇನ್ನೂ ಏನು ಉಳಿದಿದೆ ಫಿಟ್ಟರಣ್ಣ?"

"ಏನೂ ಉಳಿದಿಲ್ಲ."

"ಮತ್ತೆ?"

"ಯಾರೂ ನೋಡಿಲ್ಲ."

"ಊರೇ ನೋಡಿದೆ."

"ನೋಡಬೇಕಾದವರು ನೋಡಿಲ್ಲ ಅಕ್ಕ."

"ನಿನಗೆ ಕಣ್ಣಿಲ್ವಾ?"

"ಇದೆ. ನನ್ನ ಕಣ್ಣು ಯಾವತ್ತು ಲೆಕ್ಕಕ್ಕೆ ಬಂದಿದೆ?" ಎಂದ ಫಿಟ್ಟರ್.

ಕೇಳಿಸಿಕೊಂಡೆಯಾ? ಅವನು ದೂರುತ್ತಿರಲಿಲ್ಲ. ಸೂರ್ಯ ಪೂರ್ವಕ್ಕೆ ಹುಟ್ಟುತ್ತಾನೆ ಎನ್ನುವ ಹಾಗೆ ಹೇಳಿದ.

ಪಕ್ಕದ ಊರಿನಲ್ಲಿ ಕಾರ್ಖಾನೆಯ ಹಳೆಯ ಇನ್ಸ್‌ಪೆಕ್ಟರ್ ಮಗಳ ಮನೆಯಲ್ಲಿದ್ದ. ಕೆಲಸ ಬಿಡುವಾಗ ಠಸ್ಸೆಯನ್ನು ಹಿಂದಕ್ಕೆ ಕೊಡಬೇಕೆಂಬುದು ಕಟ್ಟಳೆ. ಕಾರ್ಖಾನೆ ಮುಚ್ಚಿದ ದಿನ ತೆಗೆದುಕೊಳ್ಳುವವರೇ ಇರಲಿಲ್ಲ. ಅದು ಅವನ ಬಳಿಯೇ ಉಳಿದಿತ್ತು. ಫಿಟ್ಟರ್ ಬಸ್ಸು ಹತ್ತಿ ಹೋಗಿ ಅವನನ್ನು ಕರೆದುಕೊಂಡು ಬಂದ.

ಇನ್ಸ್‌ಪೆಕ್ಟರ್ ಮುದುಕನಾಗಿದ್ದ. ಕೈ ನಡುಗುತ್ತಿತ್ತು. ಆದರೂ ಅವನು ಶೆಡ್ಡಿನ ಬಾಗಿಲಲ್ಲಿ ಕಾಣಿಸಿದ ಕೂಡಲೇ ಕುಳಿತಿದ್ದವರೆಲ್ಲ ಎದ್ದು ನಿಂತರು. ಏಳಿ ಎಂದು ಯಾರೂ ಹೇಳಿರಲಿಲ್ಲ. ಅವರ ಕಾಲುಗಳು ತಾವೇ ಎದ್ದವು.

ಬೆಳಗಿನಿಂದ ಮಧ್ಯಾಹ್ನದವರೆಗೆ ಅವನು ನೋಡಿದ. ಬಾಲದೊಳಗೆ ತಲೆ ತೂರಿಸಿದ. ರೆಕ್ಕೆಯ ಬುಡದಲ್ಲಿ ಉಗುರಿನಿಂದ ಕೆರೆದ. ಯಾರೂ ಊಟಕ್ಕೆ ಹೋಗಲಿಲ್ಲ. ಕೊನೆಗೆ ಕೈ ಒರೆಸಿಕೊಂಡು ಹೇಳಿದ:

"ಸರಿಯಿದೆ. ಅವತ್ತು ಮಾಡಿದ್ದಕ್ಕಿಂತ ಚೆನ್ನಾಗಿದೆ."

"ಹಾಗಾದರೆ ಹಾಕಿ ಸಾರ್," ಎಂದ ಫಿಟ್ಟರ್.

"ಬಾಯಲ್ಲಿ ಹೇಳಿದೆನಲ್ಲಪ್ಪ. ಸಾಲದಾ?"

"ಬಾಯಿಮಾತಿಗೆ ನೀವು ಯಾವತ್ತಾದರೂ ನಮ್ಮನ್ನ ಬಿಟ್ಟಿದ್ರಾ?"

ಇನ್ಸ್‌ಪೆಕ್ಟರ್ ಜೇಬಿಗೆ ಕೈಹಾಕಿದ. ಹೊರಗೆ ತೆಗೆಯಲಿಲ್ಲ. ಅವನು ಕೆಟ್ಟವನಲ್ಲ. ಇದ್ದದ್ದನ್ನು ಇದ್ದಂತೆ ಹೇಳಿದ.

"ಕೇಳಿ. ಮೂತಿ ಮೇಲೆ ಇಂಟು ಇರೋವರೆಗೂ ಇದು ಗುಜರಿ. ಗುಜರಿ ನಿಮ್ಮದು. ಅದನ್ನ ಅಳಿಸಿ ನಾನು ಠಸ್ಸೆ ಹೊಡೆದರೆ ಇದು ವಿಮಾನ. ವಿಮಾನ ಯಾರದು ಅಂತ ನಾನು ನಿಮಗೆ ಹೇಳಬೇಕಾಗಿಲ್ಲ."

ಜನ ಮೂತಿಯ ಮೇಲಿನ ಕೆಂಪು ಗುರುತನ್ನು ನೋಡಿದರು.

ಬಣ್ಣದವಳು ಹೇಳಿದಳು: "ಗುಜರಿಯಾಗೇ ಇರಲಿ. ನಾವೂ ಗುಜರಿಗಳೇ. ಒಟ್ಟಿಗಿರ್ತೀವಿ."

"ಕಂಪನಿ ಸತ್ತು ಮಣ್ಣಾಗಿದೆ," ಎಂದ ತಗಡಿನವನು. "ಸತ್ತವರು ಎದ್ದು ಬಂದು ವಿಮಾನ ಕೇಳ್ತಾರಾ? ಹೊಡೀಲಿ ಬಿಡಿ."

ಫಿಟ್ಟರ್ ಬಣ್ಣದವಳ ಕಡೆ ತಿರುಗಿದ. "ಬಣ್ಣದಕ್ಕ, ಇದೊಂದು ನಡೆಸಿಕೊಡು. ಸಾಯೋ ಮುಂಚೆ ನಾನು ಒಂದು ವಿಮಾನ ಮಾಡಿದೆ ಅನ್ನಿಸಬೇಕು. ಇಷ್ಟು ವರ್ಷ ಮಂಡಿ ಸವೆಸಿ ಗುಜರಿ ಮಾಡಿದೆ ಅಂತ ಸಾಯಬೇಕಾ?"

"ಮಾಡಿದೀಯ. ಕಣ್ಣೆದುರಿಗೆ ನಿಂತಿದೆ."

"ಯಾರು ಹೇಳಿದ್ರು?"

"ನಾನು ಹೇಳ್ತಿದೀನಿ."

ಅವಳು ಅವನ ಜೊತೆ ದುಡಿದವಳು. ಆ ವಿಮಾನದ ಒಂದೊಂದು ಅಂಗುಲವನ್ನೂ ಕೈಯಿಂದ ಸವರಿದವಳು. ಆದರೆ ಅವಳೂ ಅವನಂತೆಯೇ ಕೆಲಸದವಳು. ಹಾಗಾಗಿ ಅವಳ ಮಾತು ಅವನ ಲೆಕ್ಕಕ್ಕೆ ಬರಲಿಲ್ಲ.

ನೆರೆದವರೆಲ್ಲ ಫಿಟ್ಟರನ ಕಡೆಯೇ ಇದ್ದರು. ಠಸ್ಸೆ ಬೀಳಲಿ ಎಂದರು. ಬಣ್ಣದವಳು ಬಟ್ಟೆಯೊಂದನ್ನು ಬಣ್ಣ ಕರಗಿಸುವ ಟರ್ಪಂಟೈನಿನಲ್ಲಿ ಅದ್ದಿ ಅವನ ಕೈಗೆ ಕೊಟ್ಟಳು.

"ನೀನೇ ಒರೆಸು. ನನ್ನ ಕೈಲಿ ಆಗಲ್ಲ," ಎಂದಳು.

ಫಿಟ್ಟರ್ ಒರೆಸಿದ. ಕೆಂಪು ಹೋಯಿತು. ಇನ್ಸ್‌ಪೆಕ್ಟರ್ ಮೂತಿಯ ಪಕ್ಕದ ಸಣ್ಣ ಫಲಕದ ಮೇಲೆ ಠಸ್ಸೆಯಿಟ್ಟ. ನಡುಗುವ ಕೈಯನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡ. ತಗಡಿನವನು ಅವನ ಪರವಾಗಿ ಸುತ್ತಿಗೆ ಎತ್ತಿ ಒಂದು ಏಟು ಹಾಕಿದ. ಜನ ಚಪ್ಪಾಳೆ ತಟ್ಟಿದರು. ಕೆಲವರು ಅತ್ತರು. ಫಿಟ್ಟರ್ ರೆಕ್ಕೆಯ ನೆರಳಿನಲ್ಲಿ ಕುಳಿತ. ಕುಳಿತವನು ಅಲ್ಲಿಯೇ ಒರಗಿ, ಆ ಗದ್ದಲದ ನಡುವೆಯೇ ನಿದ್ದೆಹೋದ.

ಸತ್ತವರು ಎದ್ದು ಬಂದರು. ಕಂಪನಿಗಳು ಮನುಷ್ಯರ ಹಾಗೆ ಸಾಯುವುದಿಲ್ಲ ಅವ್ವಾ. ಅದರ ಹೆಸರನ್ನು ಯಾರೋ ಕೊಂಡಿದ್ದರು. ದೊಡ್ಡ ನಗರದಲ್ಲಿ ಗಾಜಿನ ಕಟ್ಟಡ ಕಟ್ಟಿಸಿದ್ದರು. ಅದರ ಮುಂಭಾಗದಲ್ಲಿ ನಿಲ್ಲಿಸಲು ಒಂದು ಹಳೆಯ ಹೆಮ್ಮೆ ಬೇಕಾಗಿತ್ತು. ವಿಮಾನಕ್ಕೆ ಠಸ್ಸೆ ಬಿದ್ದ ಸುದ್ದಿ ಅಲ್ಲಿಗೂ ತಲುಪಿತು. ಒಂದು ಉದ್ದದ ಲಾರಿ, ಒಂದು ಕ್ರೇನು, ಒಬ್ಬ ಅಧಿಕಾರಿ ಬಂದರು.

ಅಧಿಕಾರಿ ಒರಟನಲ್ಲ. ನಯವಾಗಿಯೇ ಮಾತಾಡಿದ. ಫಲಕದ ಮೇಲೆ ಬೆರಳಿಟ್ಟು, "ಇದು ನಮ್ಮ ಠಸ್ಸೆ ತಾನೆ?" ಎಂದು ಕೇಳಿದ.

ಅಷ್ಟೇ ಕೇಳಿದ್ದು.

ಕಾಲೊನಿಯ ಜನರೆಲ್ಲ ಅಲ್ಲಿದ್ದರು. ಗಂಡಸರು, ಹೆಂಗಸರು, ಗಟ್ಟಿ ತೋಳಿನವರು. ಬಂದವರು ಬೆರಳೆಣಿಕೆಯಷ್ಟು. ಒಬ್ಬರಾದರೂ ಅಲ್ಲ ಎನ್ನಬಹುದಿತ್ತು. ಮಾಡಿದ್ದು ನಾವು ಎನ್ನಬಹುದಿತ್ತು. ಲಾರಿಯ ಮುಂದೆ ಮಲಗಬಹುದಿತ್ತು. ಆದರೆ ಅವರು ಇಡೀ ಬದುಕು ಗೇಟಿನಲ್ಲಿ ಜೇಬು ತೋರಿಸಿ ಮನೆಗೆ ಹೋದವರು. ಠಸ್ಸೆಯ ಮೇಲೆ ಬೆರಳು ಬಿದ್ದ ಕೂಡಲೇ ಅವರಿಗೆ ತಾವು ಕದ್ದು ಸಿಕ್ಕಿಬಿದ್ದಂತೆ ಆಯಿತು. ಜನ ಹಿಂದಕ್ಕೆ ಸರಿದರು. ಯಾರೂ ತಳ್ಳಲಿಲ್ಲ. ತಾವೇ ಸರಿದು ದಾರಿ ಬಿಟ್ಟರು.

ಬಣ್ಣದವಳು ಸರಿಯಲಿಲ್ಲ. ಬಾಗಿಲಿಗೆ ಅಡ್ಡ ನಿಂತಳು. "ನೀವೇ ಗುಜರಿ ಅಂತ ಬಿಸಾಕಿದ್ದು," ಎಂದಳು.

"ಹೌದಮ್ಮ. ಗುಜರಿಯಾಗಿದ್ದರೆ ನಾವು ಬರುತ್ತಲೇ ಇರಲಿಲ್ಲ. ಈಗ ಕೆಂಪು ಗುರುತು ಎಲ್ಲಿದೆ, ತೋರಿಸಿ," ಎಂದ ಅಧಿಕಾರಿ.

ಅವಳು ಹಿಂದಕ್ಕೆ ತಿರುಗಿ ತನ್ನವರನ್ನು ನೋಡಿದಳು. ಎಲ್ಲರೂ ನೆಲ ನೋಡುತ್ತಿದ್ದರು. ಅವಳ ತಮ್ಮನೇ ಬಂದು ತೋಳು ಹಿಡಿದು ಪಕ್ಕಕ್ಕೆ ಕರೆದುಕೊಂಡು ಹೋದ. "ಬಿಡಕ್ಕ, ಠಸ್ಸೆ ಇದೆ," ಎಂದ.

ಲಾರಿಯವರಿಗೆ ವಿಮಾನ ಹೇರಿ ಗೊತ್ತಿರಲಿಲ್ಲ. ಹಗ್ಗವನ್ನು ರೆಕ್ಕೆಯ ಮೇಲೆ ಅಡ್ಡಡ್ಡ ಎಳೆದು ಬಿಗಿಯತೊಡಗಿದರು. ತಗಡು ಕಿರುಗುಟ್ಟಿತು. ಫಿಟ್ಟರ್ ಅದನ್ನು ತಾಳಲಾರದೆ ಹೋದ. "ಹಾಗಲ್ಲ, ತಡೀರಿ," ಎಂದು ಮುಂದೆ ಬಂದ. ಮನೆಗೆ ಹೋಗಿ ತನ್ನ ಹಾಸಿಗೆ ತಂದ. ರೆಕ್ಕೆಗಳನ್ನು ಬಿಚ್ಚಿದ. ಹಾಸಿಗೆಯ ಮೇಲೆ ಮಲಗಿಸಿದ. ಗೋಣಿತಾಟು ಸುತ್ತಿದ. ತಗಡಿನವನು ಬಂದು ಕೈಜೋಡಿಸಿದ. ಆಮೇಲೆ ಉಳಿದವರೂ ಬಂದರು. ಮಾಡಿದ ಕೈಗಳೇ ಹೇರಿಕೊಟ್ಟವು. ತುಂಬ ಚೆನ್ನಾಗಿ ಹೇರಿದರು. ಒಂದು ಗೀರೂ ಬೀಳಲಿಲ್ಲ.

ಕಳ್ಳನಿಗೆ ಮನೆಯವರೇ ಗಂಟು ಕಟ್ಟಿ ತಲೆಯ ಮೇಲೆ ಹೊರಿಸುವುದನ್ನು ನಾನು ಎಷ್ಟು ಕಡೆ ನೋಡಿದ್ದೇನೆ ಅವ್ವಾ. ನೋಡಿ ನೋಡಿ ಕಣ್ಣು ಸೋತಿದೆ.

ಲಾರಿ ಹೋಯಿತು. ಶೆಡ್ಡಿನಲ್ಲಿ ನೆಲದ ಮೇಲೆ ಎಣ್ಣೆಯ ಕಲೆ ಉಳಿಯಿತು. ಜನ ಒಬ್ಬೊಬ್ಬರಾಗಿ ಮನೆಗೆ ಹೋದರು. ಬಣ್ಣದವಳೂ ಫಿಟ್ಟರೂ ಉಳಿದರು.

"ಇವತ್ತು ಎಲ್ಲಿ ಮಲಗ್ತೀಯ? ಹಾಸಿಗೇನೂ ಕೊಟ್ಟು ಕಳಿಸಿದೆಯಲ್ಲ," ಎಂದಳು ಅವಳು.

ಅವನು ಹೇಳಿದ: "ಹೋಗಲಿ ಬಿಡಕ್ಕ. ಸರಿ ಇದೆ ಅಂತ ಠಸ್ಸೆಯಂತೂ ಬಿತ್ತಲ್ಲ."

ಅವಳಿಗೆ ಅವನನ್ನು ಬೈಯಬೇಕು ಅನ್ನಿಸಿತು. ಬೈಯಲಿಲ್ಲ. ಅವನಿಗೆ ಏಳಲು ಕೈ ಕೊಟ್ಟಳು. ಇಬ್ಬರೂ ಹೋದರು.

ಹುಚ್ಚೀರಯ್ಯ ಇಷ್ಟಕ್ಕೆ ಕತೆ ಮುಗಿಸಿದ. ಹೊರಗೆ ಬೀದಿಯಲ್ಲಿ ಸೊಪ್ಪು ಮಾರುವವಳು ಕೂಗಿಕೊಂಡು ಹೋದಳು.

ಚಿಕ್ಕತಾಯಮ್ಮನಿಗೆ ಸಿಟ್ಟು ಬಂದಿತ್ತು. "ಆ ಇನ್ಸ್‌ಪೆಕ್ಟರ್ ಬರಲೇಬಾರದಿತ್ತು," ಎಂದಳು.

"ಅವನಾಗಿ ಬರಲಿಲ್ಲ. ಕರೆಸಿಕೊಂಡರು."

"ಆ ಕಂಪನಿಯವರಿಗಾದರೂ ನಾಚಿಕೆ ಬೇಡವಾ?"

"ಬೆಕ್ಕಿಗೆ ಹಾಲು ಕುಡಿದೆ ಅಂತ ನಾಚಿಕೆ ಇರುತ್ತಾ? ಪಾತ್ರೆಯ ಮುಚ್ಚಳ ತೆಗೆದವರು ಯಾರು, ಅದನ್ನ ಕೇಳು."

ಅವಳು ಯೋಚಿಸಿದಳು. ಫಿಟ್ಟರನನ್ನು ದೂರಲು ಅವಳಿಗೆ ಮನಸ್ಸು ಬರಲಿಲ್ಲ.

"ಅವನನ್ನೂ ಏನಂತ ಬೈಯೋದು ಅಯ್ಯಾ. ಹುಟ್ಟಿನಿಂದ ಅವನ ಕೈ ಮೇಲೆ ಅವನಿಗೆ ನಂಬಿಕೆ ಬರದ ಹಾಗೆ ಮಾಡಿಟ್ಟಿದ್ದರು. ಆ ಠಸ್ಸೆ ಮೇಲಿನಿಂದ ಬಂದದ್ದು. ಅದರ ಮುಂದೆ ಅಂಥ ಬಡವ ಏನು ಮಾಡ್ತಾನೆ?"

ಹುಚ್ಚೀರಯ್ಯ ಅವಳನ್ನು ನೋಡಿದ.

"ಕಾರ್ಖಾನೆಯ ದಿನಗಳಲ್ಲಿ ಆ ಠಸ್ಸೆಯನ್ನು ಉಕ್ಕಿನಲ್ಲಿ ಕೊರೆದು ಇನ್ಸ್‌ಪೆಕ್ಟರನ ಕೈಗೆ ಕೊಟ್ಟವನು ಆ ಫಿಟ್ಟರೇ ಅವ್ವಾ."